ಕರುಳಿನ ನಿವಾಸಿಗಳು ಮರಳಿದಾಗ

ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಕೊನೆಯಲ್ಲಿ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಈ ಸಂಜೆ ನಾನು ಮಾತನಾಡಬೇಕಾಗಿರುವುದು ಮನುಷ್ಯರ ಮಲದ ಬಗ್ಗೆ, ಅದರಿಂದ ತಯಾರಾಗುವ ಔಷಧಿಯ ಬಗ್ಗೆ. ಮುಖ ಸಿಂಡರಿಸಬೇಡಿ ಎಂದು ನಿಮ್ಮನ್ನು ಕೇಳಿಕೊಳ್ಳುವುದಿಲ್ಲ. ಹೇಸಿಗೆ ಸಹಜವಾದದ್ದು, ಎಷ್ಟೋ ರೋಗಗಳಿಂದ ಅದು ನಮ್ಮನ್ನು ಕಾಪಾಡಿಕೊಂಡು ಬಂದಿದೆ. ಆದರೆ ಒಂದು ಒಳ್ಳೆಯ ಚಿಕಿತ್ಸೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಮೂಲೆಗೆ ಬಿದ್ದಿದ್ದಕ್ಕೆ ಅದೇ ಹೇಸಿಗೆ ದೊಡ್ಡ ಕಾರಣ ಎಂದು ನಾನು ನಂಬಿದ್ದೇನೆ.

ಮೊದಲು ಕಾಯಿಲೆಯ ವಿಚಾರ. ಎಪ್ಪತ್ತು ದಾಟಿದವರೊಬ್ಬರು ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರುತ್ತಾರೆ ಎಂದಿಟ್ಟುಕೊಳ್ಳಿ. ಆ್ಯಂಟಿಬಯಾಟಿಕ್ ಕೊಡುತ್ತಾರೆ, ಶ್ವಾಸಕೋಶ ಸರಿಹೋಗುತ್ತದೆ, ಮನೆಗೆ ಬರುತ್ತಾರೆ. ವಾರದೊಳಗೆ ಭೇದಿ ಶುರುವಾಗುತ್ತದೆ. ದಿನಕ್ಕೆ ಹತ್ತು ಸಲ, ಕೆಲವರಿಗೆ ಅದಕ್ಕಿಂತಲೂ ಹೆಚ್ಚು. ಹೊಟ್ಟೆ ನುಲಿಯುತ್ತದೆ, ಜ್ವರ ಬರುತ್ತದೆ, ರಾತ್ರಿ ಬಚ್ಚಲಿಗೂ ಹಾಸಿಗೆಗೂ ನಡುವೆ ಓಡಾಡಿ ಜೀವ ಹೈರಾಣಾಗುತ್ತದೆ. ಪರೀಕ್ಷೆ ಮಾಡಿಸಿದರೆ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೈಲ್ ಎಂಬ ಬ್ಯಾಕ್ಟೀರಿಯಾ ಸಿಗುತ್ತದೆ. ವೈದ್ಯರು ಅದನ್ನು ಚುಟುಕಾಗಿ ಸಿ ಡಿಫ್ ಎನ್ನುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ. ವ್ಯಾಂಕೋಮೈಸಿನ್ ಮಾತ್ರೆ ಕೊಟ್ಟರೆ ನಾಲ್ಕೈದು ದಿನಗಳಲ್ಲಿ ಭೇದಿ ಹತೋಟಿಗೆ ಬರುತ್ತದೆ. ಹತ್ತು ದಿನದ ಕೋರ್ಸ್ ಮುಗಿಯುತ್ತದೆ. ಎರಡು ವಾರ ಕಳೆಯುವಷ್ಟರಲ್ಲಿ ಮತ್ತೆ ಅದೇ ಭೇದಿ.

ಈ ಮರುಕಳಿಕೆಯೇ ಇಂದಿನ ವಿಷಯ. ಮೊದಲ ಸಲ ಸಿ ಡಿಫ್ ಬಂದು ಗುಣವಾದ ಐವರಲ್ಲಿ ಸುಮಾರು ಒಬ್ಬರಿಗೆ ಅದು ಮತ್ತೆ ಬರುತ್ತದೆ. ಒಮ್ಮೆ ಮರುಕಳಿಸಿದವರಲ್ಲಿ ನೂರಕ್ಕೆ ನಲವತ್ತರಷ್ಟು ಜನರಿಗೆ ಇನ್ನೊಮ್ಮೆ ಬರುತ್ತದೆ. ಅದರ ನಂತರ ಬರುವ ಸಾಧ್ಯತೆ ಇನ್ನೂ ಹೆಚ್ಚು. ಸಾಮಾನ್ಯವಾಗಿ ಔಷಧಿ ತೆಗೆದುಕೊಂಡಷ್ಟೂ ಕಾಯಿಲೆ ದೂರವಾಗಬೇಕು; ಇಲ್ಲಿ ಪ್ರತಿ ಕೋರ್ಸಿನ ನಂತರ ರೋಗಿ ಇನ್ನಷ್ಟು ಆಳಕ್ಕೆ ಇಳಿಯುತ್ತಾರೆ. ಅಮೆರಿಕದಲ್ಲಿ 2011ರ ಒಂದೇ ವರ್ಷದಲ್ಲಿ ಸುಮಾರು 4,53,000 ಜನರಿಗೆ ಈ ಸೋಂಕು ತಗುಲಿತು ಎಂದೂ, ರೋಗ ಪತ್ತೆಯಾದ ತಿಂಗಳೊಳಗೆ ಸುಮಾರು 29,000 ಜನ ತೀರಿಕೊಂಡರು ಎಂದೂ ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಅಂದಾಜು ಮಾಡಿತು.

ಏಕೆ ಹೀಗೆ? ಈ ಬ್ಯಾಕ್ಟೀರಿಯಾಕ್ಕೆ ಎರಡು ರೂಪಗಳಿವೆ. ಒಂದು, ಬೆಳೆಯುತ್ತ ವಿಷ ಉಗುಳುವ ರೂಪ. ಅದರ ಎರಡು ಮುಖ್ಯ ವಿಷಗಳು ದೊಡ್ಡ ಕರುಳಿನ ಒಳಪದರದ ಜೀವಕೋಶಗಳನ್ನು ಹಾಳುಮಾಡುತ್ತವೆ; ಭೇದಿ ಆಗುವುದು ಅದರಿಂದ. ಇನ್ನೊಂದು, ಬೀಜಕದ ರೂಪ. ಗಟ್ಟಿ ಕವಚ ತೊಟ್ಟು, ಉಣ್ಣದೆ ಬೆಳೆಯದೆ ಸುಮ್ಮನೆ ಕಾದು ಕುಳಿತಿರುವ ಸ್ಥಿತಿ ಅದು. ವ್ಯಾಂಕೋಮೈಸಿನ್ ಬೆಳೆಯುತ್ತಿರುವುದನ್ನು ಹೊಡೆಯುತ್ತದೆ, ಬೀಜಕವನ್ನು ಮುಟ್ಟಲಾರದು. ಬೀಜಕಗಳು ಮಂಚದ ಕಂಬಿಯ ಮೇಲೆ, ಬಾಗಿಲ ಹಿಡಿಯ ಮೇಲೆ ತಿಂಗಳುಗಟ್ಟಲೆ ಉಳಿಯಬಲ್ಲವು. ಕೊರೊನಾ ಕಾಲದಲ್ಲಿ ನಾವೆಲ್ಲ ಕೈಗೆ ಹಚ್ಚಿಕೊಂಡ ಆಲ್ಕೋಹಾಲ್ ಸ್ಯಾನಿಟೈಸರ್‌ನಿಂದಲೂ ಅವು ಸಾಯುವುದಿಲ್ಲ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಬೇಕು, ನೆಲಕ್ಕೆ ಬ್ಲೀಚ್ ಬೇಕು. ಸ್ಯಾನಿಟೈಸರ್‌ನ ಈ ಸೋಲನ್ನು ನೆನಪಿಟ್ಟುಕೊಳ್ಳಿ. ಮುಂದೆ ಅದರಿಂದ ಒಂದು ಉಪಕಾರವೂ ಆಗಲಿದೆ.

ಬೀಜಕ ಹೊಟ್ಟೆಗೆ ಹೋದ ಮಾತ್ರಕ್ಕೆ ಕಾಯಿಲೆ ಬರುವುದಿಲ್ಲ. 1935ರಲ್ಲಿ ಈ ಬ್ಯಾಕ್ಟೀರಿಯಾವನ್ನು ಮೊದಲು ಗುರುತಿಸಿದ್ದೇ ಆರೋಗ್ಯವಾಗಿದ್ದ ನವಜಾತ ಶಿಶುಗಳ ಮಲದಲ್ಲಿ. ದೊಡ್ಡವರ ಕರುಳಿನಲ್ಲಿ ಇದಕ್ಕೆ ಕಾಲೂರಲು ಜಾಗ ಸಿಗುವುದಿಲ್ಲ, ಏಕೆಂದರೆ ಅಲ್ಲಿ ಆಗಲೇ ನೂರಾರು ಬಗೆಯ ಬ್ಯಾಕ್ಟೀರಿಯಾಗಳು ಸಂಸಾರ ಹೂಡಿವೆ. ಹಬ್ಬದ ಹಿಂದಿನ ದಿನ ಮೆಜೆಸ್ಟಿಕ್‌ನಿಂದ ಹೊರಡುವ ಬಸ್ಸನ್ನು ನೆನೆಯಿರಿ: ಪ್ರತಿ ಸೀಟಿನಲ್ಲೂ ಯಾರೋ ಕುಳಿತಿರುತ್ತಾರೆ, ಇಲ್ಲವೇ ಟವೆಲ್ ಹಾಸಿರುತ್ತದೆ, ತಡವಾಗಿ ಹತ್ತಿದವನು ಎಷ್ಟೇ ಬಲಶಾಲಿಯಾದರೂ ನಿಂತೇ ಇರಬೇಕು. ಆ್ಯಂಟಿಬಯಾಟಿಕ್ ಬಂದು ಆ ಬಸ್ಸನ್ನು ಖಾಲಿ ಮಾಡಿಸುತ್ತದೆ.

ಇದರ ರಾಸಾಯನಿಕ ಒಳಗುಟ್ಟು ಇನ್ನೂ ಸೊಗಸಾಗಿದೆ, ಸ್ವಲ್ಪ ತಾಳ್ಮೆಯಿಂದ ಕೇಳಿ. ಕೊಬ್ಬನ್ನು ಜೀರ್ಣಿಸಲು ನಮ್ಮ ಯಕೃತ್ತು ಪಿತ್ತಾಮ್ಲಗಳನ್ನು ತಯಾರಿಸುತ್ತದೆ. ಯಕೃತ್ತಿನಿಂದ ಬಂದ ಹಾಗೆಯೇ ಇರುವ ಪಿತ್ತಾಮ್ಲಗಳಲ್ಲಿ ಕೆಲವು ಸಿ ಡಿಫ್ ಬೀಜಕಕ್ಕೆ ಮೊಳೆಯಲು ಸೂಚನೆ ಕೊಡುತ್ತವೆ. ದೊಡ್ಡ ಕರುಳಿನ ಕೆಲವೇ ಬ್ಯಾಕ್ಟೀರಿಯಾಗಳು, ಕ್ಲಾಸ್ಟ್ರಿಡಿಯಂ ಸಿಂಡೆನ್ಸ್ ಅವುಗಳಲ್ಲೊಂದು, ಈ ಪಿತ್ತಾಮ್ಲಗಳನ್ನು ಬೇರೆ ರೂಪಕ್ಕೆ ಮಾರ್ಪಡಿಸುತ್ತವೆ. ಮಾರ್ಪಾಡಾದ ಪಿತ್ತಾಮ್ಲ ಸಿ ಡಿಫ್‌ನ ಬೆಳವಣಿಗೆಯನ್ನು ತಡೆಯುತ್ತದೆ. ಒಂದೇ ವಸ್ತು, ಒಂದು ರೂಪದಲ್ಲಿ ಶತ್ರುವಿಗೆ ಆಹ್ವಾನ, ಇನ್ನೊಂದು ರೂಪದಲ್ಲಿ ತಡೆಗೋಡೆ. ಆ್ಯಂಟಿಬಯಾಟಿಕ್‌ಗೆ ಈ ಮಾರ್ಪಾಡು ಮಾಡುವ ಬ್ಯಾಕ್ಟೀರಿಯಾಗಳು ಬಲಿಯಾದರೆ ಆಹ್ವಾನ ಉಳಿಯುತ್ತದೆ, ಗೋಡೆ ಇಲ್ಲವಾಗುತ್ತದೆ. ಸಿ ಡಿಫ್ ಕೊಲ್ಲಲು ಕೊಟ್ಟ ವ್ಯಾಂಕೋಮೈಸಿನ್ ಕೂಡ ಆ್ಯಂಟಿಬಯಾಟಿಕ್ಕೇ. ಅದು ಸಿ ಡಿಫ್ ಜೊತೆಗೆ ಅಳಿದುಳಿದ ನಿವಾಸಿಗಳನ್ನೂ ಸವರುತ್ತದೆ. ಹಾಗಾಗಿ ಕೋರ್ಸ್ ಮುಗಿದ ದಿನ ಕರುಳಿನಲ್ಲಿ ಉಳಿದಿರುವುದು ಖಾಲಿ ಜಾಗ ಮತ್ತು ಬೀಜಕ. ಕೊಲ್ಲುವುದೊಂದರಿಂದಲೇ ಈ ಕಾಯಿಲೆ ಮುಗಿಯುವುದಿಲ್ಲ, ಖಾಲಿಯಾದದ್ದನ್ನು ತುಂಬಬೇಕು. ನನ್ನ ಇಂದಿನ ಮಾತೆಲ್ಲ ಇದರ ಸುತ್ತಲೇ.

ತುಂಬಬಹುದು ಎಂದು ಹೊಳೆದದ್ದು ಹೊಸದಾಗಿ ಅಲ್ಲ. 1958ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಬೆನ್ ಐಸ್‌ಮನ್ ಎಂಬ ಶಸ್ತ್ರವೈದ್ಯರು ಮತ್ತು ಅವರ ಸಂಗಡಿಗರು ನಾಲ್ವರು ರೋಗಿಗಳ ವರದಿ ಪ್ರಕಟಿಸಿದರು. ಆ್ಯಂಟಿಬಯಾಟಿಕ್ ನಂತರ ಬಂದ ಭೀಕರ ಕರುಳುರಿತದಿಂದ ನರಳುತ್ತಿದ್ದವರು ಅವರು. ಆರೋಗ್ಯವಂತರ ಮಲವನ್ನು ಎನಿಮಾ ರೂಪದಲ್ಲಿ, ಅಂದರೆ ಗುದದ್ವಾರದ ಮೂಲಕ ದ್ರವವಾಗಿ, ಕೊಟ್ಟಾಗ ನಾಲ್ವರೂ ಚೇತರಿಸಿಕೊಂಡರು. ಆಗ ಕಾಯಿಲೆಯ ಕಾರಣವೇ ತಿಳಿದಿರಲಿಲ್ಲ, ಸ್ಟ್ಯಾಫಿಲೊಕಾಕಸ್ ಎಂಬ ಬೇರೊಂದು ಬ್ಯಾಕ್ಟೀರಿಯಾ ಇರಬಹುದು ಎಂದುಕೊಂಡಿದ್ದರು. ಸಿ ಡಿಫ್‌ನ ಮೇಲಿನ ಆರೋಪ ಖಚಿತವಾದದ್ದು 1978ರಲ್ಲಿ. ಅಷ್ಟು ಹೊತ್ತಿಗೆ ವ್ಯಾಂಕೋಮೈಸಿನ್ ಕೈಯಲ್ಲಿತ್ತು. ಮಾತ್ರೆ ಇರುವಾಗ ಮಲ ಯಾರಿಗೆ ಬೇಕು? ಚದುರಿದ ವರದಿಗಳು ಬಂದವು, ಹೋದವು.

2013ರ ಜನವರಿಯಲ್ಲಿ ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್‌ನಿಂದ ಬಂದ ಪ್ರಯೋಗ ಎಲ್ಲವನ್ನೂ ಬದಲಿಸಿತು. ಮರುಕಳಿಸಿದ ಸಿ ಡಿಫ್ ರೋಗಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಸ್ವಲ್ಪ ದಿನ ವ್ಯಾಂಕೋಮೈಸಿನ್ ಕೊಟ್ಟು, ಕರುಳು ತೊಳೆದು, ಮೂಗಿನ ಮೂಲಕ ಸಣ್ಣ ಕರುಳಿಗೆ ಇಳಿಸಿದ ನಳಿಕೆಯಲ್ಲಿ ದಾನಿಯ ಮಲದ ದ್ರಾವಣ ಬಿಟ್ಟರು. ಇನ್ನೊಂದಕ್ಕೆ ಪೂರ್ತಿ ವ್ಯಾಂಕೋಮೈಸಿನ್ ಮಾತ್ರ. ಮೂರನೆಯದಕ್ಕೆ ವ್ಯಾಂಕೋಮೈಸಿನ್ ಜೊತೆಗೆ ಕರುಳು ತೊಳೆಯುವುದು. ಮಲ ಪಡೆದ 16 ಜನರಲ್ಲಿ 13 ಮಂದಿ ಒಂದೇ ಸಲಕ್ಕೆ ಗುಣವಾದರು. ಉಳಿದ ಮೂವರಲ್ಲಿ ಇಬ್ಬರು ಇನ್ನೊಬ್ಬ ದಾನಿಯ ಮಲದಿಂದ ಗುಣವಾದರು. ವ್ಯಾಂಕೋಮೈಸಿನ್ ಮಾತ್ರ ಪಡೆದ 13 ಜನರಲ್ಲಿ ಗುಣವಾದವರು ನಾಲ್ವರು, ಮೂರನೆಯ ಗುಂಪಿನ 13 ಜನರಲ್ಲಿ ಮೂವರು. ಅಂತರ ಎಷ್ಟು ಎದ್ದು ಕಂಡಿತೆಂದರೆ ಪ್ರಯೋಗವನ್ನು ಅರ್ಧದಲ್ಲೇ ನಿಲ್ಲಿಸಿದರು. ಬೇರೆ ಗುಂಪುಗಳಲ್ಲಿದ್ದು ಮತ್ತೆ ಕಾಯಿಲೆ ಬಿದ್ದವರಿಗೂ ಆ ಮೇಲೆ ಮಲ ಕಸಿ ಮಾಡಿದರು, ಅವರಲ್ಲೂ ಹೆಚ್ಚಿನವರು ಗುಣವಾದರು. ಸಂಖ್ಯೆ ಸಣ್ಣದು, ನಿಜ. ಆದರೆ ಐಸ್‌ಮನ್ ಅವರ ನಾಲ್ವರು ರೋಗಿಗಳಿಂದ ಇಲ್ಲಿಗೆ ಬರಲು ವೈದ್ಯಲೋಕಕ್ಕೆ 55 ವರ್ಷ ಹಿಡಿಯಿತು ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ಆ ವರ್ಷಗಳಲ್ಲಿ ಮತ್ತೆ ಮತ್ತೆ ಭೇದಿಗೆ ಬಿದ್ದು ಬಳಲಿದವರನ್ನು ಲೆಕ್ಕ ಇಟ್ಟವರು ಯಾರು?

ಮಲ ಕಸಿ ಎಂದರೆ ಏನು ಮಾಡುತ್ತಾರೆ, ಹತ್ತಿರದಿಂದ ನೋಡೋಣ. ಮೊದಲು ದಾನಿಯ ಆಯ್ಕೆ. ಇತ್ತೀಚೆಗೆ ಆ್ಯಂಟಿಬಯಾಟಿಕ್ ತೆಗೆದುಕೊಂಡಿದ್ದೀರಾ, ಹಚ್ಚೆ ಹಾಕಿಸಿಕೊಂಡಿದ್ದೀರಾ, ಎಲ್ಲಿಗೆ ಪ್ರಯಾಣ ಮಾಡಿದ್ದಿರಿ, ಮನೆಯಲ್ಲಿ ಯಾರಿಗಾದರೂ ಕರುಳಿನ ಕಾಯಿಲೆ ಇದೆಯೇ, ಹೀಗೆ ಉದ್ದದ ವಿಚಾರಣೆ. ಬಳಿಕ ರಕ್ತ ಮತ್ತು ಮಲದ ಪರೀಕ್ಷೆಗಳು: ಎಚ್‌ಐವಿ, ಹೆಪಟೈಟಿಸ್, ಸಿಫಿಲಿಸ್, ಪರೋಪಜೀವಿಗಳು, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳು. ಅಮೆರಿಕದ ದೊಡ್ಡ ಮಲ ಬ್ಯಾಂಕ್ ಓಪನ್‌ಬಯೋಮ್‌ನಲ್ಲಿ ದಾನಿಯಾಗಲು ಮುಂದೆ ಬಂದ ನೂರು ಜನರಲ್ಲಿ ಕೊನೆಗೆ ಆಯ್ಕೆಯಾಗುತ್ತಿದ್ದವರು ಸುಮಾರು ಮೂವರು. ಮಲವನ್ನು ತೂಗಿ, ಉಪ್ಪುನೀರಿನ ಸಲೈನ್ ಸೇರಿಸಿ ಕದಡಿ, ನಾರು ಮತ್ತು ಜೀರ್ಣವಾಗದ ಚೂರುಗಳನ್ನು ಸೋಸಿ ತೆಗೆಯುತ್ತಾರೆ. ಉಳಿಯುವುದು ಕಂದು ಬಣ್ಣದ ತೆಳುವಾದ ದ್ರವ. ಹೆಪ್ಪುಗಟ್ಟುವಾಗ ಬ್ಯಾಕ್ಟೀರಿಯಾಗಳು ಒಡೆಯದಿರಲೆಂದು ಗ್ಲಿಸರಾಲ್ ಬೆರೆಸಿ ಮೈನಸ್ 80 ಡಿಗ್ರಿಯಲ್ಲಿ ಇಡುತ್ತಾರೆ. ಬೇಕಾದಾಗ ಕರಗಿಸಿ ಕೊಲೊನೋಸ್ಕೋಪಿಯ (ಗುದದ್ವಾರದಿಂದ ದೊಡ್ಡ ಕರುಳಿಗೆ ಇಳಿಸುವ ಕ್ಯಾಮೆರಾ ನಳಿಕೆಯ) ಮೂಲಕವೋ ಎನಿಮಾ ಮೂಲಕವೋ ಕೊಡುತ್ತಾರೆ. ನುಂಗುವ ಕ್ಯಾಪ್ಸೂಲ್ ಮಾಡಬಹುದು ಕೂಡ. ಕೆನಡಾದ ಆಲ್ಬರ್ಟಾದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕ್ಯಾಪ್ಸೂಲ್ ನುಂಗಿದವರೂ ಕೊಲೊನೋಸ್ಕೋಪಿಯಲ್ಲಿ ಪಡೆದವರೂ ಸಮಾನವಾಗಿ, ನೂರಕ್ಕೆ 96ರಷ್ಟು, ಮರುಕಳಿಕೆಯಿಂದ ಪಾರಾದರು. ಆದರೆ ಒಬ್ಬೊಬ್ಬರೂ 40 ಕ್ಯಾಪ್ಸೂಲ್ ನುಂಗಬೇಕಿತ್ತು.

ಅಪಾಯವನ್ನು ಮುಚ್ಚಿಡಬಾರದು. 2019ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ಹೊರಡಿಸಿತು. ರೋಗನಿರೋಧಕ ಶಕ್ತಿ ಕುಂದಿದ್ದ ಇಬ್ಬರು ರೋಗಿಗಳಿಗೆ ಒಬ್ಬನೇ ದಾನಿಯ ಮಲದಿಂದ ಔಷಧಿಗೆ ಬಗ್ಗದ ಇ ಕೋಲೈ ಎಂಬ ಬ್ಯಾಕ್ಟೀರಿಯಾದ ಸೋಂಕು ತಗುಲಿತ್ತು, ಅವರಲ್ಲಿ ಒಬ್ಬರು ತೀರಿಕೊಂಡರು. ಆ ಮಲವನ್ನು ಅಂಥ ಬ್ಯಾಕ್ಟೀರಿಯಾಕ್ಕಾಗಿ ಪರೀಕ್ಷಿಸಿರಲಿಲ್ಲ. ಅಂದಿನಿಂದ ಆ ಪರೀಕ್ಷೆ ಕಡ್ಡಾಯವಾಯಿತು. ಜೀವಂತ ವಸ್ತುವನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುವಾಗ ಒಳ್ಳೆಯದರ ಜೊತೆಗೆ ಕೆಟ್ಟದ್ದೂ ದಾಟಬಹುದು. ರಕ್ತದಾನದಲ್ಲಿಯೂ ನಾವು ಇದೇ ಪಾಠವನ್ನು ಜೀವ ತೆತ್ತು ಕಲಿತವರು.

ಹೀಗಾಗಿ ಎಲ್ಲ ಕಡೆಯೂ ಗುಣಮಟ್ಟ ಖಾತರಿಯಾದ ಔಷಧಿಯ ಹುಡುಕಾಟ ನಡೆಯಿತು. 2022ರ ನವೆಂಬರ್‌ನಲ್ಲಿ ಆಸ್ಟ್ರೇಲಿಯಾ ಬಯೋಮಿಕ್ಟ್ರಾ ಎಂಬ ಔಷಧಿಗೆ ಒಪ್ಪಿಗೆ ಕೊಟ್ಟಿತು. ಅಡಿಲೇಡ್‌ನಲ್ಲಿ ದಾನಿಗಳ ಮಲದಿಂದ ತಯಾರಾಗುವಂಥದ್ದು. ಅದೇ ತಿಂಗಳ ಕೊನೆಯಲ್ಲಿ ಅಮೆರಿಕ ರೆಬಿಯೋಟಾಕ್ಕೆ ಒಪ್ಪಿಗೆ ಕೊಟ್ಟಿತು; 150 ಮಿಲಿಲೀಟರ್ ದ್ರವ, ಗುದದ್ವಾರದ ಮೂಲಕ ಒಂದೇ ಸಲ. ಅದರ ಮುಖ್ಯ ಪ್ರಯೋಗದಲ್ಲಿ ನೂರಕ್ಕೆ ಸುಮಾರು 71 ಜನರಿಗೆ ಎಂಟು ವಾರ ಮರುಕಳಿಸಲಿಲ್ಲ, ಹೋಲಿಕೆಗೆಂದು ಮದ್ದಿನ ಅಂಶವಿಲ್ಲದ ಹುಸಿ ಔಷಧಿ ಪಡೆದವರಲ್ಲಿ ಇದು ಸುಮಾರು 58. ಲಾಭ ಇದೆ, ಆದರೆ ಆಮ್‌ಸ್ಟರ್‌ಡ್ಯಾಮ್‌ನ ಅಂತರವನ್ನು ಕಂಡವರಿಗೆ ಇದು ಸಪ್ಪೆ ಎನಿಸಿದರೆ ಆಶ್ಚರ್ಯವಿಲ್ಲ.

2023ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲೇ ಒಪ್ಪಿಗೆ ಪಡೆದ ವೌಸ್ಟ್ ನನಗೆ ಹೆಚ್ಚು ಮೆಚ್ಚುಗೆಯಾದದ್ದು. ಇದು ಕ್ಯಾಪ್ಸೂಲ್, ದಿನಕ್ಕೆ ನಾಲ್ಕರಂತೆ ಬೆಳಗಿನ ಖಾಲಿ ಹೊಟ್ಟೆಯಲ್ಲಿ ಮೂರು ದಿನ. ಈಗ ಸ್ಯಾನಿಟೈಸರ್ ಮಾತಿಗೆ ಬರೋಣ. ದಾನಿಯ ಮಲವನ್ನು ಆಲ್ಕೋಹಾಲ್‌ನಲ್ಲಿ ಸಂಸ್ಕರಿಸುತ್ತಾರೆ. ಕವಚವಿಲ್ಲದ ಬ್ಯಾಕ್ಟೀರಿಯಾಗಳು, ಪರೋಪಜೀವಿಗಳು, ಹಲವು ವೈರಸ್‌ಗಳು ಅಲ್ಲೇ ನಾಶವಾಗುತ್ತವೆ. ಬದುಕುಳಿಯುವುದು ಬೀಜಕಗಳು. ಸಿ ಡಿಫ್ ಇಲ್ಲವೆಂದು ಮೊದಲೇ ಪರೀಕ್ಷಿಸಿದ ಮಲವಾದ್ದರಿಂದ ಇವು ಒಳ್ಳೆಯ ನಿವಾಸಿಗಳ ಬೀಜಕಗಳು, ಸಿ ಡಿಫ್‌ನ ದೂರದ ಬಂಧುಗಳು. ಶತ್ರುವನ್ನು ಆಸ್ಪತ್ರೆಯಲ್ಲಿ ಬದುಕಿಸಿಟ್ಟ ಅದೇ ಕವಚ ಇಲ್ಲಿ ಮಿತ್ರರನ್ನು ಆರಿಸಿ ಕೊಡುತ್ತದೆ. 182 ಜನರ ಪ್ರಯೋಗದಲ್ಲಿ ಎಂಟು ವಾರದೊಳಗೆ ಮರುಕಳಿಸಿದ್ದು ಔಷಧಿ ಪಡೆದವರಲ್ಲಿ ನೂರಕ್ಕೆ 12, ಹುಸಿ ಕ್ಯಾಪ್ಸೂಲ್ ಪಡೆದವರಲ್ಲಿ 40. ಇದೇ ಔಷಧಿ 2016ರಲ್ಲಿ ಒಮ್ಮೆ ಸೋತಿತ್ತು. ಪ್ರಮಾಣ ಕಡಿಮೆಯಾಗಿತ್ತು; ಜೊತೆಗೆ ಬ್ಯಾಕ್ಟೀರಿಯಾದ ಜೀನ್ ಮಾತ್ರ ಕಂಡು, ವಿಷ ಉತ್ಪಾದನೆ ಖಚಿತವಾಗದವರನ್ನೂ ರೋಗಿಗಳೆಂದು ಸೇರಿಸಿಕೊಂಡಿದ್ದರು. ಎರಡನ್ನೂ ತಿದ್ದಿಕೊಂಡು ಮತ್ತೆ ಪ್ರಯೋಗಕ್ಕಿಳಿದರು. ಒಂದು ಮಾತು ಸ್ಪಷ್ಟವಾಗಿರಲಿ: ಅಮೆರಿಕದ ಈ ಎರಡು ಔಷಧಿಗಳು ನಡೆಯುತ್ತಿರುವ ಸೋಂಕಿಗೆ ಚಿಕಿತ್ಸೆಯಲ್ಲ. ಆ್ಯಂಟಿಬಯಾಟಿಕ್‌ನಿಂದ ಭೇದಿ ನಿಂತ ಮೇಲೆ, ಮತ್ತೆ ಬಾರದಿರಲಿ ಎಂದು ಕೊಡುವಂಥವು.

ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ವೌಸ್ಟ್ ಮಾರುಕಟ್ಟೆಗೆ ಬಂದಾಗ ಒಂದು ಕೋರ್ಸಿಗೆ 17,500 ಡಾಲರ್. ಓಪನ್‌ಬಯೋಮ್ ಲಾಭದಾಸೆಯಿಲ್ಲದ ಸಂಸ್ಥೆಯಾಗಿ ಆಸ್ಪತ್ರೆಗಳಿಗೆ ಇದರ ಸಣ್ಣ ಪಾಲಿನ ಬೆಲೆಗೆ ಮಲದ ಬಾಟಲಿಗಳನ್ನು ಕಳುಹಿಸುತ್ತಿತ್ತು. ಒಪ್ಪಿಗೆ ಪಡೆದ ಔಷಧಿಗಳು ಬಂದ ಬಳಿಕ ಆ ಬಾಗಿಲು ಅಲ್ಲಿ ಮುಚ್ಚಿಕೊಂಡಿತು. ಸುರಕ್ಷತೆಗೆ ಖರ್ಚಾಗುತ್ತದೆ, ಒಪ್ಪುತ್ತೇನೆ. ಆದರೆ ಕಚ್ಚಾವಸ್ತು ಸಮಾಜವೇ ಕೊಡುವಂಥದ್ದು. ರಕ್ತನಿಧಿಯ ಹಾಗೆ ಮಲ ಬ್ಯಾಂಕ್ ಸಹ ಸಾರ್ವಜನಿಕ ಆಸ್ಪತ್ರೆಯೊಳಗೆ ಇರಬೇಕಾದದ್ದು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಬ್ರಿಟನ್ನಿನಲ್ಲಿ ಸರ್ಕಾರಿ ಆರೋಗ್ಯ ಸೇವೆಗೆ ಮಾರ್ಗದರ್ಶನ ನೀಡುವ ಸಂಸ್ಥೆ 2022ರಲ್ಲಿ, ಈ ಮೊದಲು ಎರಡು ಅಥವಾ ಅದಕ್ಕಿಂತ ಹೆಚ್ಚು ಸಲ ಸೋಂಕಿಗೊಳಗಾಗಿ ಮತ್ತೆ ಮರುಕಳಿಸಿದವರಿಗೆ ಮಲ ಕಸಿಯನ್ನು ಶಿಫಾರಸು ಮಾಡಿತು. ಅದರಿಂದ ಹಣವೂ ಉಳಿಯುತ್ತದೆ ಎಂಬ ಲೆಕ್ಕವನ್ನೂ ಕೊಟ್ಟಿತು.

ದಾನಿಯನ್ನೇ ಬಿಟ್ಟುಬಿಡಬಹುದೇ? ವಿಇ303 ಎಂಬ ಔಷಧಿಯಲ್ಲಿ ಪ್ರಯೋಗಾಲಯದಲ್ಲಿ ಬೇರೆ ಬೇರೆಯಾಗಿ ಬೆಳೆಸಿದ ಬ್ಯಾಕ್ಟೀರಿಯಾಗಳ ಎಂಟೇ ತಳಿಗಳಿವೆ. 2023ರಲ್ಲಿ ಪ್ರಕಟವಾದ ಎರಡನೇ ಹಂತದ ಪ್ರಯೋಗದಲ್ಲಿ ಹೆಚ್ಚಿನ ಪ್ರಮಾಣ ಪಡೆದವರಲ್ಲಿ ನೂರಕ್ಕೆ 14ರಷ್ಟು ಜನರಿಗೆ ಮಾತ್ರ ಮರುಕಳಿಸಿತು, ಹುಸಿ ಔಷಧಿಯವರಲ್ಲಿ 45ರಷ್ಟು ಜನರಿಗೆ. ನೂರಾರು ಬಗೆಯ ಕೆಲಸವನ್ನು ಎಂಟು ತಳಿಗಳು ಮಾಡುತ್ತವೆ ಎಂದರೆ ಅಚ್ಚರಿಯೇ. ಇನ್ನೂ ದೊಡ್ಡ ಅಚ್ಚರಿ ಜರ್ಮನಿಯ ಕೀಲ್‌ನಿಂದ 2017ರಲ್ಲಿ ಬಂತು. ಅಲ್ಲಿ ಮಲದಿಂದ ಬ್ಯಾಕ್ಟೀರಿಯಾಗಳನ್ನೆಲ್ಲ ಸೋಸಿ ತೆಗೆದು ಉಳಿದ ದ್ರವವನ್ನಷ್ಟೇ ಐವರಿಗೆ ಕೊಟ್ಟರು. ಐವರೂ ಗುಣವಾದರು! ಹಾಗಾದರೆ ಕೆಲಸ ಮಾಡಿದ್ದು ಏನು? ಬ್ಯಾಕ್ಟೀರಿಯಾವನ್ನೇ ತಿನ್ನುವ ವೈರಸ್‌ಗಳೇ, ಪಿತ್ತಾಮ್ಲಗಳೇ, ಬ್ಯಾಕ್ಟೀರಿಯಾಗಳ ಚೂರುಗಳೇ? ಐವರ ಮಾತು ನಂಬಿ ತೀರ್ಪು ಕೊಡಲಾಗದು. ಆದರೂ ನಾನು ಈವರೆಗೆ ಹೇಳಿದ ಖಾಲಿ ಜಾಗದ ಕಥೆ ಪೂರ್ತಿ ಕಥೆಯಲ್ಲ ಎನ್ನುವುದಕ್ಕೆ ಇದೊಂದು ಸಾಕು.

ನಮ್ಮ ದೇಶದ ವಿಚಾರ ಸ್ವಲ್ಪ. ಲುಧಿಯಾನದ ದಯಾನಂದ ವೈದ್ಯಕೀಯ ಕಾಲೇಜಿನಲ್ಲಿ ಮಲ ಕಸಿಯ ಒಳ್ಳೆಯ ಅಧ್ಯಯನಗಳು ನಡೆದಿವೆ, ಮುಖ್ಯವಾಗಿ ದೊಡ್ಡ ಕರುಳಿನಲ್ಲಿ ಹುಣ್ಣಾಗುವ ಅಲ್ಸರೇಟಿವ್ ಕೊಲೈಟಿಸ್ ರೋಗಿಗಳಲ್ಲಿ. ಸಿ ಡಿಫ್ ಮಾತ್ರ ನಮ್ಮಲ್ಲಿ ಪರೀಕ್ಷೆಗೇ ಸಿಗದೆ ತಪ್ಪಿಸಿಕೊಳ್ಳುವುದು ಹೆಚ್ಚು. ಆ್ಯಂಟಿಬಯಾಟಿಕ್ ನಂತರ ಭೇದಿಯಾದರೆ ‘ಔಷಧಿ ಉಷ್ಣ ಆಯಿತು’ ಎಂದು ಸುಮ್ಮನಾಗುತ್ತೇವೆ. 2014ರ ಮಾರ್ಚ್‌ನಿಂದ ಔಷಧ ಮಾರಾಟಕ್ಕೆ ಸಂಬಂಧಿಸಿದ ಶೆಡ್ಯೂಲ್ ಎಚ್1 ಎಂಬ ಪಟ್ಟಿ ಜಾರಿಯಲ್ಲಿದೆ. ಪಟ್ಟಿಯಲ್ಲಿರುವ ಆ್ಯಂಟಿಬಯಾಟಿಕ್‌ಗಳನ್ನು ಚೀಟಿಯಿಲ್ಲದೆ ಕೊಡುವಂತಿಲ್ಲ, ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕು. ಸ್ಟ್ರಿಪ್‌ನ ಮೇಲಿನ ಕೆಂಪು ಗೆರೆಯ ಅರ್ಥವೂ ಚೀಟಿ ಬೇಕು ಎಂದೇ. ಆದರೂ ನೆಗಡಿಗೆ ಮೂರು ಮಾತ್ರೆ ಕೊಡಿ ಎಂದು ಕೇಳುವುದು, ಕೊಡುವುದು ನಿಂತಿಲ್ಲ. ನೆಗಡಿಯ ವೈರಸ್‌ಗೆ ಆ ಮಾತ್ರೆ ಏನೂ ಮಾಡದು. ಕರುಳಿನ ನಿವಾಸಿಗಳಿಗೆ ಮಾಡುತ್ತದೆ.

ಇನ್ನು ಸಭಿಕರ ಪ್ರಶ್ನೆಗಳು.

ಹಿರಿಯರೊಬ್ಬರು ಕೇಳಿದರು: “ಮೇಡಂ, ಇಷ್ಟೆಲ್ಲ ಏಕೆ? ಮೊಸರು, ಮಜ್ಜಿಗೆಯಲ್ಲೇ ಒಳ್ಳೆಯ ಬ್ಯಾಕ್ಟೀರಿಯಾ ಇದೆಯಲ್ಲವೇ?”

ಇದೆ ಸರ್, ಮಜ್ಜಿಗೆ ಕುಡಿಯುವುದನ್ನು ಬಿಡಬೇಡಿ. ಆದರೆ ಮೊಸರಿನ ಬ್ಯಾಕ್ಟೀರಿಯಾಗಳು ದೊಡ್ಡ ಕರುಳಿನ ಕಾಯಂ ನಿವಾಸಿಗಳಲ್ಲ, ಹಾದುಹೋಗುವ ಅತಿಥಿಗಳು. ಪಿತ್ತಾಮ್ಲವನ್ನು ನಾನು ಹೇಳಿದಂತೆ ಮಾರ್ಪಡಿಸುವ ಕೆಲಸ ಅವುಗಳದ್ದಲ್ಲ. ಅಮೆರಿಕದ ಜಠರಕರುಳು ತಜ್ಞರ ಸಂಘ 2021ರಲ್ಲಿ, ಸಿ ಡಿಫ್ ಮರುಕಳಿಸದಂತೆ ತಡೆಯಲು ಪ್ರೊಬಯಾಟಿಕ್, ಅಂದರೆ ಒಳ್ಳೆಯ ಬ್ಯಾಕ್ಟೀರಿಯಾ ಎಂದು ಮಾರುವ ಔಷಧಿ, ಬೇಡ ಎಂದೇ ಹೇಳಿತು. ಇಸ್ರೇಲ್‌ನಲ್ಲಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆ್ಯಂಟಿಬಯಾಟಿಕ್ ನಂತರ ಪ್ರೊಬಯಾಟಿಕ್ ನುಂಗಿದ ಆರೋಗ್ಯವಂತರ ಕರುಳು ತನ್ನ ಹಳೆಯ ಸ್ಥಿತಿಗೆ ಮರಳಲು ಇನ್ನೂ ತಡವಾಯಿತು. ಮೊದಲೇ ತೆಗೆದಿಟ್ಟ ತಮ್ಮದೇ ಮಲವನ್ನು ಮರಳಿ ಪಡೆದವರಲ್ಲಿ ಕೆಲವೇ ದಿನಗಳಲ್ಲಿ ಸರಿಹೋಯಿತು.

ಕಾಲೇಜು ವಿದ್ಯಾರ್ಥಿಯೊಬ್ಬ ಕೇಳಿದ: “ಎನಿಮಾ ತಾನೇ, ಮನೆಯಲ್ಲೇ ಮಾಡಿಕೊಳ್ಳಬಹುದಲ್ಲವೇ? ಅಂತರ್ಜಾಲದಲ್ಲಿ ವಿಡಿಯೋಗಳಿವೆ.”

ಬೇಡಪ್ಪ. 2019ರ ಸಾವು ಆಸ್ಪತ್ರೆಯಲ್ಲೇ, ಪರಿಣತರ ಕೈಯಲ್ಲೇ ಆದದ್ದು. ನಿನ್ನ ಅಣ್ಣ ಗಟ್ಟಿಮುಟ್ಟಾಗಿದ್ದಾನೆ ಎಂದ ಮಾತ್ರಕ್ಕೆ ಅವನ ಕರುಳಿನಲ್ಲಿ ಏನಿದೆ ಎಂದು ಪರೀಕ್ಷಿಸದೆ ತಿಳಿಯುವುದಿಲ್ಲ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳನ್ನು ಹೊತ್ತ ಆರೋಗ್ಯವಂತರು ನಮ್ಮ ದೇಶದಲ್ಲಿ ತುಂಬ ಜನ ಇದ್ದಾರೆ.

ಕೊನೆಯಲ್ಲಿ ಒಬ್ಬ ತಾಯಿ ಕೇಳಿದರು: “ನಮ್ಮ ಅತ್ತೆಯವರಿಗೆ ಆಸ್ಪತ್ರೆಯಿಂದ ಬಂದ ಮೇಲೆ ಭೇದಿಯಾದರೆ ನಾವು ಏನು ಮಾಡಬೇಕು?”

ದಿನಕ್ಕೆ ಮೂರು ಅಥವಾ ಅದಕ್ಕಿಂತ ಹೆಚ್ಚು ಸಲ ನೀರಿನಂತೆ ಹೋದರೆ ವೈದ್ಯರ ಬಳಿ ಹೋಗಿ, ಕಳೆದ ಮೂರು ತಿಂಗಳಲ್ಲಿ ತೆಗೆದುಕೊಂಡ ಎಲ್ಲ ಔಷಧಿಗಳ ಚೀಟಿ ಜೊತೆಯಲ್ಲಿರಲಿ. ಸಿ ಡಿಫ್ ಇರಬಹುದೇ ಎಂದು ನೀವೇ ಬಾಯಿಬಿಟ್ಟು ಕೇಳಿ. ಭೇದಿ ಕಟ್ಟುವ ಮಾತ್ರೆಯನ್ನು ನೀವಾಗಿಯೇ ಕೊಡಬೇಡಿ. ನೀರು, ಓಆರ್‌ಎಸ್ ಕೊಡುತ್ತಿರಿ. ಆರೈಕೆ ಮಾಡುವವರು ಪ್ರತಿ ಸಲವೂ ಸೋಪಿನಿಂದಲೇ ಕೈ ತೊಳೆಯಿರಿ, ಬಚ್ಚಲನ್ನು ಬ್ಲೀಚ್ ಹಾಕಿ ತೊಳೆಯಿರಿ. ಪರೀಕ್ಷೆಗೆ ಕೊಡಬೇಕಾದದ್ದು ಭೇದಿಯ ಮಲ, ಗಟ್ಟಿ ಮಲವಲ್ಲ. ಗುಣವಾದ ಮೇಲೆ, ಹೋಯಿತೇ ನೋಡೋಣ ಎಂದು ಮತ್ತೊಮ್ಮೆ ಪರೀಕ್ಷೆ ಮಾಡಿಸಬೇಡಿ. ಭೇದಿ ನಿಂತ ಎಷ್ಟೋ ವಾರಗಳವರೆಗೆ ವರದಿ ಪಾಸಿಟಿವ್ ಬರಬಹುದು. ಆ ಕಾಗದ ನೋಡಿ ಗಾಬರಿಯಾಗಿ ಇನ್ನೊಂದು ಕೋರ್ಸ್ ಆ್ಯಂಟಿಬಯಾಟಿಕ್ ಕೊಟ್ಟರೆ, ಆಗತಾನೇ ಮರಳಿ ಬರುತ್ತಿರುವ ನಿವಾಸಿಗಳನ್ನು ನಾವೇ ಮತ್ತೆ ಓಡಿಸಿದಂತಾಗುತ್ತದೆ.